ಬಿಸ್ಕತ್ತಿನ ಹಿಟ್ಟನ್ನು ‘ನಾದಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಬಿಸ್ಕತ್ತು ಮಾಡುವ ವಿಧಾನವನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಮೈದಾ, ಬೆಣ್ಣೆ, ಸಕ್ಕರೆ, ಚಿಟಿಕೆ ಉಪ್ಪು. ಇಷ್ಟೇ ಸಾಮಾನು. ಮೊಟ್ಟೆ ಬೇಡ, ಸೋಡಾ ಬೇಡ. ಅಳತೆಯೂ ಬಾಯಿಪಾಠ ಆಗುವಂಥದ್ದು: ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. ಅಂದ್ರೆ 50 ಗ್ರಾಂ, 100 ಗ್ರಾಂ, 150 ಗ್ರಾಂ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಸಾಮಾನಿನ ಪಟ್ಟಿ ಮುಗಿದು ಕೈ ಹಾಕುವ ಹೊತ್ತಿಗೆ ಒಂದು ಕ್ರಿಯಾಪದ ಅಡ್ಡ ಬಂತು.

‘ಹಿಟ್ಟನ್ನು ಚೆನ್ನಾಗಿ ನಾದಿ’ ಎಂದು ಬರೆಯಲೇ? ಹಾಗೆ ಬರೆದಿರುವುದನ್ನು ಹಲವು ಕಡೆ ಓದಿದ್ದೇನೆ. ಹಿಟ್ಟು ಅಂದ ಕೂಡಲೇ ನಮಗೆ ನಾದುವುದೇ ನೆನಪಾಗುತ್ತದೆ, ಅದರ ಹಿಂದೆ ‘ಚೆನ್ನಾಗಿ’ ತಾನಾಗಿಯೇ ಬಂದು ಕೂರುತ್ತದೆ. ಆದರೆ ಆ ಮಾತನ್ನು ನಂಬಿ ಹತ್ತು ನಿಮಿಷ ನಾದಿದವರ ಬಿಸ್ಕತ್ತು ಹಲಗೆ ಚೂರಿನಂತೆ ಬಿರುಸಾಗುತ್ತದೆ. ಆಗ ತಪ್ಪು ಅಡುಗೆಯವರದ್ದಲ್ಲ, ಬರೆದವರದ್ದು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನಾದುವುದೆಂದರೆ ಅಂಗೈಯ ಬುಡದಿಂದ ಒತ್ತುವುದು, ಮಡಚುವುದು, ಮತ್ತೆ ಒತ್ತುವುದು. ಹಿಟ್ಟಿಗೆ ಎಳೆತ ಬರಲಿ ಅಂತಲೇ ನಾದುತ್ತೇವೆ. ಗೋಧಿಯ ಹಿಟ್ಟಿನಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ತಾಗಿದಾಗ ಇವೆರಡೂ ಹೆಣೆದುಕೊಂಡು ಗ್ಲುಟೆನ್ ಆಗುತ್ತದೆ. ಕೈ ಆಡಿಸಿದಷ್ಟೂ ಆ ಹೆಣಿಗೆ ಬಿಗಿ. ಬ್ರೆಡ್ಡಿಗೆ ಅದು ಬೇಕೇ ಬೇಕು, ಒಳಗೆ ಹುಟ್ಟುವ ಗಾಳಿಯನ್ನು ಹಿಡಿದಿಡುವುದು ಅದೇ. ಬಿಸ್ಕತ್ತಿಗೆ ಮಾತ್ರ ಅದು ಬೇಡ. ಇಲ್ಲಿ ಬೆಣ್ಣೆ ಹಾಕುವುದು ರುಚಿಗೆ ಮಾತ್ರ ಅಲ್ಲ. ಹಿಟ್ಟಿನ ಕಣಗಳಿಗೆಲ್ಲ ಜಿಡ್ಡು ಹತ್ತಿಕೊಂಡರೆ ನೀರು ಒಳಗೆ ಇಳಿಯುವುದಿಲ್ಲ, ಹೆಣಿಗೆಯೂ ಬಿಗಿಯುವುದಿಲ್ಲ. ‘ನೀರೇ ಹಾಕಿಲ್ವಲ್ಲ, ನಾದಿದರೇನು?’ ಅಂತ ಯಾರಾದರೂ ಕೇಳಬಹುದು. ಬೆಣ್ಣೆಯಲ್ಲೇ ನೀರಿದೆ. ಸುಮಾರು 80 ಪಾಲು ಜಿಡ್ಡಾದರೆ 16 ಪಾಲು ನೀರು. ನಾದಿದರೆ ಅಷ್ಟೇ ಸಾಕು.

ಹಾಗಾದರೆ ಕೈ ನಿಜವಾಗಿ ಮಾಡುವ ಕೆಲಸ ಏನು? ತಣ್ಣಗಿರುವ ಬೆಣ್ಣೆಯನ್ನು ಸಣ್ಣ ಚೂರು ಮಾಡಿ ಮೈದಾಕ್ಕೆ ಹಾಕುತ್ತೇವೆ. ಐದೂ ಬೆರಳುಗಳ ತುದಿಯಿಂದ ಒಂದಿಷ್ಟು ಎತ್ತಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಜಾರಿಸುತ್ತ ಮತ್ತೆ ಬಟ್ಟಲಿಗೇ ಬೀಳಲು ಬಿಡುತ್ತೇವೆ. ಅಂಗೈ ತಾಗಬಾರದು, ಅಂಗೈ ಬಿಸಿ ಜಾಸ್ತಿ, ಬೆಣ್ಣೆ ಕರಗಿಬಿಡುತ್ತದೆ. ಬೆಣ್ಣೆಯ ಚೂರುಗಳು ಒಂದೊಂದಾಗಿ ಚಪ್ಪಟೆಯಾಗಿ, ಒಡೆದು, ಹಿಟ್ಟಿನೊಳಗೆ ಮಾಯವಾಗುತ್ತವೆ. ಬಿಳಿ ಮೈದಾ ಸ್ವಲ್ಪ ಹಳದಿಗೆ ತಿರುಗಿ ಸಣ್ಣ ರವೆಯ ಹಾಗೆ ತರಿತರಿ ಆಗುತ್ತದೆ. ಆಗ ಪುಡಿ ಮಾಡಿದ ಸಕ್ಕರೆ ಬೆರೆಸಿ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡಬೇಕು. ಹಿಚುಕಿದರೆ ಮುದ್ದೆ ನಿಲ್ಲಬೇಕು, ಬೆರಳು ತಾಗಿಸಿದರೆ ಪುಡಿಯಾಗಿ ಉದುರಬೇಕು. ಇದು ಹದ.

ಈ ಬೆರಳಾಟಕ್ಕೆ ಏನು ಹೇಳೋಣ? ‘ಕಲಸು’ ಅನ್ನಬಹುದು, ಆದರೆ ಕಲಸು ಅಂದರೆ ಓದುವವರ ಕೈ ನೀರಿನ ಲೋಟ ಹುಡುಕುತ್ತದೆ. ‘ಉಜ್ಜು’, ‘ತಿಕ್ಕು’ ಎರಡರಲ್ಲೂ ಪಾತ್ರೆ ತೊಳೆಯುವ ಬಲ ಇದೆ. ‘ಹೊಸೆ’ ಎಂದರೆ ಹಗ್ಗವೋ ಬತ್ತಿಯೋ ನೆನಪಿಗೆ ಬರುತ್ತದೆ, ಎಳೆ ಬರಿಸುವ ಕೆಲಸ ಅದು. ನಮಗೆ ಬೇಕಾದ್ದು ಎಳೆ ಬಾರದ ಕೆಲಸ. ‘ಮಿದಿ’ಯಂತೂ ನಾದುವುದಕ್ಕಿಂತ ಒಂದು ಕೈ ಮೇಲೆ.

ನನ್ನ ಮನಸ್ಸು ‘ಹೊಸಕು’ ಕಡೆಗೆ ವಾಲಿದೆ. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡುತ್ತೇವಲ್ಲ, ಅದೇ ಹೊಸಕುವುದು. ಹೆಬ್ಬೆರಳಿನ ಚಲನೆ ಇಲ್ಲೂ ಅದೇ. ‘ಬೆಣ್ಣೆಯನ್ನು ಹಿಟ್ಟಿನೊಂದಿಗೆ ಬೆರಳ ತುದಿಯಲ್ಲಿ ಹೊಸಕಿ ಉದುರಿಸಿ’ ಎಂದು ಬರೆದರೆ ಕೈಗೆ ದಾರಿ ಗೊತ್ತಾಗುತ್ತದೆ. ಒಂದೇ ಅಳುಕು: ಪತ್ರಿಕೆಯವರು ದಂಗೆಯನ್ನು ‘ಹೊಸಕಿ ಹಾಕಿ’ ಆ ಪದಕ್ಕೆ ಬೂಟುಗಾಲಿನ ನೆರಳು ಬಂದುಬಿಟ್ಟಿದೆ. ಅಡುಗೆಮನೆಗೆ ಅದು ಒರಟಾಯಿತೇ? ನೀವು ಹೇಳಬೇಕು.

ಆಮೇಲೆ ಪುಡಿಯನ್ನು ಒಂದಾಗಿಸುವ ಹಂತ. ‘ನಾದದೆ, ಹಿಟ್ಟು ಕೂಡುವಷ್ಟು ಮಾತ್ರ ಒತ್ತಿ ಉಂಡೆ ಕಟ್ಟಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ‘ಕಟ್ಟು’ ಇಲ್ಲಿ ಒಳ್ಳೆಯ ಪದ. ಕಟ್ಟುವಾಗ ಯಾರೂ ನಾದುವುದಿಲ್ಲ, ಅಲ್ವಾ?

ಇದೇ ಬಿಸ್ಕತ್ತನ್ನು ಇನ್ನೊಂದು ರೀತಿಯಲ್ಲೂ ಮಾಡುತ್ತಾರೆ. ಮೆತ್ತಗಾದ ಬೆಣ್ಣೆಗೆ ಸಕ್ಕರೆ ಸೇರಿಸಿ, ಬೆಳ್ಳಗೆ, ಹಗುರಾಗುವವರೆಗೆ ಆಡಿಸಿ, ಕೊನೆಗೆ ಮೈದಾ ಬೆರೆಸುತ್ತಾರೆ. ಸಕ್ಕರೆಯ ಹರಳು ಬೆಣ್ಣೆಯೊಳಗೆ ಓಡಾಡಿ ಸಣ್ಣಸಣ್ಣ ಗಾಳಿಗುಳ್ಳೆಗಳನ್ನು ಸಿಕ್ಕಿಸುತ್ತದೆ. ಇದಕ್ಕೆ ‘ಕಡೆಯಿರಿ’ ಎಂದು ಒಬ್ಬರು ಸೂಚಿಸಿದರು. ನನಗೆ ನಗು ಬಂತು. ಕಡೆದಾಗ ಬೆಣ್ಣೆ ಬರುತ್ತದೆ, ಬಂದ ಬೆಣ್ಣೆಯನ್ನು ಮತ್ತೆ ಕಡೆಯುವುದು ಎಲ್ಲಿಂದ? ಆದರೆ ‘ಬೀಟ್ ಮಾಡಿ’ಗಿಂತ ಬೇರೆ ಏನು ಎಂದು ಅವರು ಕೇಳಿದರೆ ನನ್ನ ಹತ್ತಿರ ಇರುವುದು ‘ನೊರೆಯಾಗುವಂತೆ ತಿರುವಿ’ ಅಷ್ಟೇ. ಒಂದು ಪದದ ಜಾಗಕ್ಕೆ ಎರಡು ಪದ, ಆದರೂ ಅರ್ಥ ಆಗುತ್ತದೆ.

‘ಹಿಟ್ಟು’ ಕೂಡ ಕಾಡುತ್ತದೆ. ಒಣ ಪುಡಿಗೂ ಅದೇ, ಕಲಸಿದ ಮುದ್ದೆಗೂ ಅದೇ. ‘ಹಿಟ್ಟನ್ನು ಜರಡಿ ಹಿಡಿಯಿರಿ’ ಎಂದ ನಾಲ್ಕು ಸಾಲಿನ ಕೆಳಗೆ ‘ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ’ ಅಂತ ಬರುತ್ತದೆ. ‘ಕಣಕ’ ಇದೆ, ಆದರೆ ಕಣಕ ಅಂದರೆ ಎಳೆದರೆ ಹಿಗ್ಗುವ ಮಿದುವಾದ ಹಿಟ್ಟು. ಮತ್ತೆ ಅದೇ ಎಳೆತದ ಕಥೆ. ನಾನು ಮೊದಲನೆಯದಕ್ಕೆ ಮೈದಾ, ಎರಡನೆಯದಕ್ಕೆ ಮುದ್ದೆ ಎಂದು ಬರೆದು ಪಾರಾಗಿದ್ದೇನೆ.

ಮುದ್ದೆಯನ್ನು ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಬಿಸ್ಕತ್ತು ಓವನ್ನಿನಲ್ಲಿ ಹರಡಿಕೊಳ್ಳುವುದು ಕಡಿಮೆ. ಆಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಆವಿ ಹೋಗಲು ಮುಳ್ಳುಚಮಚದಿಂದ ಚುಚ್ಚುವುದು. ಇಲ್ಲೆಲ್ಲ ಕನ್ನಡ ಸಲೀಸು.

ಓವನ್ನಿನ ಬಾಗಿಲಲ್ಲಿ ಮತ್ತೆ ಸಿಕ್ಕಿಕೊಂಡೆ. ‘170 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ’ ಎನ್ನಲೇ, ‘ಸುಡಿ’ ಎನ್ನಲೇ? ಸುಡಿ ಎಂದರೆ ಕೆಲವರು ನಿಜವಾಗಿ ಸುಟ್ಟುಬಿಡುತ್ತಾರೆ. ಬೇಯಿಸಿ ಎಂಬುದರ ತೊಂದರೆ ಇನ್ನೂ ಸೂಕ್ಷ್ಮ. ನಮ್ಮ ‘ಬೇಯು’ ಎಂಬ ಮಾತಿನೊಳಗೆ ಮೆತ್ತಗಾಗುವುದು ಸೇರಿಕೊಂಡಿದೆ. ಕಾಳು ಬೆಂದಿದೆಯೇ, ಗೆಡ್ಡೆ ಬೆಂದಿದೆಯೇ ಎಂದು ಒತ್ತಿ ನೋಡುತ್ತೇವೆ, ಮೆತ್ತಗಿದ್ದರೆ ಬೆಂದಿದೆ. ಬಿಸ್ಕತ್ತು ಅದರ ತದ್ವಿರುದ್ಧ. ಓವನ್ನಿನಿಂದ ಹೊರಬಂದಾಗ ಅದು ಮೆತ್ತಗೇ ಇರುತ್ತದೆ, ಆರಿದ ಮೇಲೆ ಬೆಣ್ಣೆ ಸಕ್ಕರೆ ಎರಡೂ ಗಟ್ಟಿಯಾಗಿ ಬಿಸ್ಕತ್ತು ಹದಕ್ಕೆ ಬರುತ್ತದೆ. ಒತ್ತಿ ನೋಡಿ ‘ಇನ್ನೂ ಮೆತ್ತಗಿದೆ, ಬೆಂದಿಲ್ಲ’ ಎಂದು ಮತ್ತೆ ಐದು ನಿಮಿಷ ಇಟ್ಟವರಿಗೆ ಸಿಗುವುದು ಕಪ್ಪು ಬಿಸ್ಕತ್ತು. ಆದ್ದರಿಂದ ನಾನು ‘ಬೇಕ್ ಮಾಡಿ’ ಎಂದೇ ಬಿಟ್ಟಿದ್ದೇನೆ. ಅದಕ್ಕೆ ‘ಅಂಚು ತಿಳಿಗೆಂಪಾಗಲಿ, ನಡು ಬೆಳ್ಳಗಿರಲಿ, ಮುಟ್ಟಿ ನೋಡಬೇಡಿ’ ಎಂದು ಸೇರಿಸಿದ್ದೇನೆ. ಈ ಪದಕ್ಕೆ ಅಚ್ಚಗನ್ನಡದ ಹಟ ನನಗಿಲ್ಲ. ತಮಾಷೆ ಅಂದರೆ ‘ಬಿಸ್ಕತ್ತು’ ಎಂಬ ಹೆಸರಿನಲ್ಲೇ ಬೇಯುವುದು ಅಡಗಿದೆ. ಲ್ಯಾಟಿನ್ನಿನಲ್ಲಿ ‘ಬಿಸ್’ ಎಂದರೆ ಎರಡು ಸಲ, ‘ಕೊಕ್ಟಸ್’ ಎಂದರೆ ಬೇಯಿಸಿದ್ದು. ಕೆಡದೆ ಉಳಿಯಲಿ ಅಂತ ಎರಡು ಸಲ ಬೇಯಿಸಿ ಒಣಗಿಸುತ್ತಿದ್ದರು. ಈಗ ಒಂದೇ ಸಲಕ್ಕೆ ಮುಗಿಯುತ್ತದೆ, ಹೆಸರು ಹಾಗೇ ಉಳಿದಿದೆ. ಅಮೆರಿಕದಲ್ಲಂತೂ ಇದೇ ಹೆಸರಿಗೆ ಮೆತ್ತಗಿನ, ಉಬ್ಬಿದ ಸಣ್ಣ ಬ್ರೆಡ್ಡು ಸಿಗುತ್ತದೆ. ನಮ್ಮ ಬಿಸ್ಕತ್ತಿಗೆ ಅಲ್ಲಿ ಕುಕಿ ಎನ್ನುತ್ತಾರೆ, ಅದು ಡಚ್ಚರಿಂದ ಬಂದ ಪದ.

ಕೊನೆಯದು ಬಾಯಿಯ ಅನುಭವದ ಪದ. ತೆಳ್ಳಗಿದ್ದು ಮುರಿದರೆ ಸದ್ದು ಬರುವುದು ‘ಗರಿಗರಿ’. ದಪ್ಪವಾಗಿದ್ದು ಹಲ್ಲಿಗೆ ಕೆಲಸ ಕೊಡುವುದು ‘ಕುರುಕುರು’. ಈ ಬಿಸ್ಕತ್ತು ಎರಡೂ ಅಲ್ಲ. ಕಚ್ಚಿದರೆ ಸದ್ದಿಲ್ಲದೆ ಒಡೆಯುತ್ತದೆ, ನಾಲಿಗೆಯ ಮೇಲೆ ಮರಳುಮರಳಾಗಿ ಸಡಿಲಗೊಂಡು ಕರಗುತ್ತದೆ. ‘ಪುಡಿಪುಡಿ’ ಎಂದರೆ ಡಬ್ಬಿಯಲ್ಲೇ ಒಡೆದುಹೋದ ಹಾಗೆ ಕೇಳಿಸುತ್ತದೆ. ‘ಹುಡಿಹುಡಿ’ ಎನ್ನುವವರೂ ಇದ್ದೀರಿ, ಅದು ಕಿವಿಗೆ ಸ್ವಲ್ಪ ಮೃದು, ಆದರೂ ಹೊಗಳಿಕೆ ಅನ್ನಿಸುವುದಿಲ್ಲ. ಹೊಗಳಿಕೆಯ ಧಾಟಿಯಲ್ಲೇ ಈ ಗುಣವನ್ನು ಹೇಳುವ ಪದ ನಿಮ್ಮ ಮನೆಮಾತಿನಲ್ಲಿ ಇದೆಯೇ?

ಹೊಸಕು ನಡೆಯುತ್ತದೆಯೇ, ಈ ಒಡೆದು ಕರಗುವ ಗುಣಕ್ಕೆ ಏನನ್ನುತ್ತೀರಿ, ಇವೆರಡಕ್ಕೆ ಮೊದಲು ಉತ್ತರ ಬೇಕು. ಸುಮ್ನೆ ನಿಘಂಟಿನ ಪುಟ ಕಳಿಸಬೇಡಿ, ಅದನ್ನು ನೋಡಿಯೇ ಬಂದಿದ್ದೇನೆ. ನಿಮ್ಮ ಮನೆಯಲ್ಲಿ ಹಿಟ್ಟಿಗೆ ಕೈ ಹಾಕುವವರು ಆಡುವ ಮಾತನ್ನೇ ಬರೆಯಿರಿ, ಒಂದು ವಾಕ್ಯದಲ್ಲಿಟ್ಟು ಬರೆದರೆ ಇನ್ನೂ ಒಳ್ಳೆಯದು.