ತಮ್ಮ ಬೆಂಗಳೂರಿನ ಪಿಜಿಯಿಂದ ದಿನಾ ಫೋನ್ ಮಾಡಿ ಅಳ್ತಾನ, ವಾಪಸ್ ಕರ್ಕೊಂಡು ಬರೂದೇನು?

ಸಿಂದಗಿ ಅಕ್ಕ:
ತಮ್ಮಂದು ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್, ಸೇರಿ ಮೂರು ವಾರ ಆತು. ದಿನಕ್ಕ ನಾಕೈದು ಸಲ ಫೋನ್ ಮಾಡ್ತಾನ, ಮಲಗೂ ಮುಂದ ಅಳ್ತಾನ. ಪಿಜಿ ಊಟ ಸೇರವಲ್ದು ಅಂತಾನ. ಕ್ಲಾಸ್ ಮಾತ್ರ ತಪ್ಪಿಸಿಲ್ಲ. ಅವ್ವ ‘ಹೋಗಿ ಕರ್ಕೊಂಡು ಬಾ’ ಅಂತಾಳ, ಅಪ್ಪ ‘ಫೋನ್ ಎತ್ತಬ್ಯಾಡ್ರಿ, ತಾನಾ ಸರಿಹೋಗ್ತಾನ’ ಅಂತಾರ. ಯಾವುದು ಖರೆ? ಇಲ್ಲಿಂದ ತಿನ್ನಾಕ ಏನು ಕಳಿಸಿದ್ರ ಕೆಡೂದಿಲ್ಲ?

ಹಾಸ್ಟೆಲ್ ವಾರ್ಡನ್, ತುಮಕೂರು:
ಎರಡೂ ಬೇಡ. ಫೋನ್ ಎತ್ತದೇ ಇದ್ದರೆ ಮನೆಯವರು ಕೈಬಿಟ್ಟರು ಅನ್ನಿಸುತ್ತೆ. ಮಾಡಿದಾಗಲೆಲ್ಲ ಎತ್ತಿದರೆ ಅಲ್ಲಿ ಯಾರನ್ನೂ ಮಾತಾಡಿಸೋ ಅಗತ್ಯವೇ ಬರಲ್ಲ. ಸಂಜೆ ಏಳರ ಸುಮಾರಿಗೆ, ಊಟಕ್ಕೆ ಮುಂಚೆ, 15–20 ನಿಮಿಷ ಅಂತ ಗೊತ್ತು ಮಾಡಿ. ಮಲಗೋ ಹೊತ್ತಿಗೆ ಮಾತಾಡಿದರೆ ಫೋನ್ ಇಟ್ಟ ಮೇಲೆ ಬೇರೆ ಕೆಲಸ ಇರಲ್ಲ, ಕತ್ತಲಲ್ಲಿ ಮನೆಯದೇ ಯೋಚನೆ. ಊಟಕ್ಕೆ ಮುಂಚೆ ಆದರೆ ಎದ್ದು ಕೆಳಗಿಳಿಯಲೇಬೇಕು, ನಾಲ್ಕು ಜನರ ಮುಖ ಕಾಣುತ್ತೆ.

‘ಊಟ ಸರಿಯಿಲ್ವಾ, ಅಳ್ತಿದೀಯಾ’ ಅಂತ ಶುರು ಮಾಡಬೇಡಿ. ಲ್ಯಾಬಿನಲ್ಲಿ ಏನು ಮಾಡಿಸಿದ್ರು, ಪಕ್ಕದಲ್ಲಿ ಯಾರು ಕೂತಿದ್ರು ಅಂತ ಕೇಳಿ. ‘ನೀನಿಲ್ಲದೆ ಮನೆ ಬಣಗುಡ್ತಿದೆ’ ಅನ್ನೋ ಮಾತು ಅಮ್ಮ ಆಡಲೇಬಾರದು, ಇದು ಕಷ್ಟ ಅಂತ ಗೊತ್ತು.

ನಿಜವಾಗಿ ಕೆಡೋದು ಭಾನುವಾರ. ಹತ್ತಿರದ ಊರಿನ ಹುಡುಗರು ಶನಿವಾರವೇ ಮನೆಗೆ ಹೋಗಿರ್ತಾರೆ, ಎಷ್ಟೋ ಪಿಜಿಗಳಲ್ಲಿ ಭಾನುವಾರ ರಾತ್ರಿ ಅಡುಗೆಯೂ ಇರಲ್ಲ. ಆ ದಿನ ಅಲ್ಲೇ ಉಳಿಯುವವರು ಯಾರು ಅಂತ ಶುಕ್ರವಾರವೇ ವಿಚಾರಿಸಿಕೊಳ್ಳಲಿ. ಬೆಳಿಗ್ಗೆ ಬಟ್ಟೆ ಒಗೆದು, ಮಧ್ಯಾಹ್ನ ಅವರ ಜೊತೆ ಹೊರಗೆ ಊಟಕ್ಕೆ. ಗಾಂಧಿನಗರ, ರಾಜಾಜಿನಗರದ ಕಡೆ ಖಾನಾವಳಿಗಳಿವೆ, ಜೋಳದ ರೊಟ್ಟಿ, ಎಣ್ಣೆಗಾಯಿ ಸಿಗುತ್ತೆ.

ರೊಟ್ಟಿ ಬುತ್ತಿ:
ಅಕ್ಕಾರ, ಕಟಕ ರೊಟ್ಟಿ ಕಳಸ್ರಿ, ಮೆತ್ತನ್ನೂ ಬ್ಯಾಡ. ಪೂರಾ ಒಣಗಿಸಿ, ಒಂದು ರಾತ್ರಿ ಬಟ್ಟಿ ಮ್ಯಾಲೆ ಆರಾಕ ಬಿಟ್ಟು ಆಮ್ಯಾಲೆ ಡಬ್ಬಿಗೆ ಹಾಕ್ರಿ. ಬಿಸಿ ಇದ್ದಾಗನ ಪ್ಲಾಸ್ಟಿಕ್‌ನಾಗ ಕಟ್ಟಿದ್ರ ಬೆವತು ಬೂಷ್ಟು ಹಿಡಿತೈತಿ. ತಿನ್ನೂ ಮುಂದ ನೀರು ಚಿಮುಕಿಸಿ, ಹಸಿ ಬಟ್ಟ್ಯಾಗ ಐದು ನಿಮಿಷ ಸುತ್ತಿಟ್ರ ಮೆತ್ತಗಾಗತಾವ.

ಶೇಂಗಾ ಹಿಂಡಿ (ಚಟ್ನಿ ಪುಡಿ) ಅರ್ಧ ಕಿಲೋ, ಆದ್ರ ಎರಡು ಸಣ್ಣ ಡಬ್ಬಿ ಮಾಡ್ರಿ. ಒಂದು ಮುಗಿಯೂತನ ಇನ್ನೊಂದರ ಮುಚ್ಚಳ ತಗೀಬಾರದು. ಬಳ್ಳೊಳ್ಳಿ ಹುರದು ಹಾಕ್ರಿ, ಹಸೀದು ಹಾಕಿದ್ರ ಪಸಿ ಉಳಿತೈತಿ. ಅಗಸಿ ಹಿಂಡಿ ಲಗೂನ ಕಮಟು ಹಿಡಿತೈತಿ, ಎರಡು ವಾರಕ್ಕ ಆಗೂವಷ್ಟ ಸಾಕು. ಒಣ ಚಮಚ ಡಬ್ಬಿಯೊಳಗ ಇಟ್ಟ ಕಳಸ್ರಿ, ಹುಡುಗ್ರು ಮೊಸರು ಹತ್ತಿದ ಚಮಚಾನ ಅದ್ದತಾರ.

ಮತ್ತ, ಮೂರು ಹೊತ್ತಿಂದೂ ಕಳಸಬ್ಯಾಡ್ರಿ. ರೂಮಿನ್ಯಾಗ ಒಬ್ಬಾವನ ಕುಂತು ತಿಂತಾನ. ದಿನಕ್ಕ ಎರಡು ರೊಟ್ಟಿ ಲೆಕ್ಕ ಇಡ್ರಿ, ಒಂದು ಅವಂಗ, ಒಂದು ಬಾಜೂ ಹುಡುಗಗ. ಶೇಂಗಾ ಹಿಂಡಿ ತಿಂದಾವ ಮತ್ತ ಕೇಳ್ಕೋತ ಬಂದ ಬರ್ತಾನ.

ಕಾಲೇಜು ಕೌನ್ಸೆಲರ್:
ಊರಿಗೆ ಬರುವ ದಿನ ಈಗಲೇ ನಿಶ್ಚಯಿಸಿ ತಮ್ಮನಿಗೆ ಹೇಳಿಬಿಡಿ. ‘ಯಾವಾಗ’ ಎಂಬುದು ತಿಳಿದಿದ್ದರೆ ದಿನ ದೂಡುವುದು ಸುಲಭ. ಇನ್ನೆರಡು ಮೂರು ವಾರ ಬಿಟ್ಟು ಬರಲಿ. ಪ್ರತಿ ಶನಿವಾರ ಬೇಡ, 500 ಕಿ.ಮೀ.ಗೂ ಹೆಚ್ಚು ದೂರ, ಎರಡು ರಾತ್ರಿ ದಾರಿಯಲ್ಲೇ ಕಳೆದು ಸೋಮವಾರ ಕ್ಲಾಸಿನಲ್ಲಿ ತೂಕಡಿಸುತ್ತಾನೆ, ಹೊಂದಿಕೊಳ್ಳುವುದೂ ಮೊದಲಿನಿಂದ ಶುರುವಾಗುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಟಿಕೆಟನ್ನು ಹೋಗಲೂ ಬರಲೂ ಒಟ್ಟಿಗೇ ತೆಗೆಸಿ. ಬುಕಿಂಗ್ 60 ದಿನ ಮೊದಲು ತೆರೆಯುವುದರಿಂದ ದಸರಾ, ದೀಪಾವಳಿಗೆ ಕಾಯುತ್ತ ಕೂತರೆ ಸಿಗುವುದಿಲ್ಲ. ವಾಪಸ್ ಟಿಕೆಟ್ ಇಲ್ಲದೆ ಬಂದವರು ‘ಇನ್ನೊಂದು ದಿನ’ ಎನ್ನುತ್ತ ವಾರ ಕಳೆಯುತ್ತಾರೆ.

ಕ್ಲಾಸಿಗೆ ಹೋಗುತ್ತಿದ್ದಾನೆ ಎಂದಿರಿ, ಅದು ಒಳ್ಳೆಯ ಲಕ್ಷಣ. ಆದರೆ ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ದಾಟಿದರೆ, ಕ್ಲಾಸ್ ಬಿಟ್ಟು ರೂಮಿನಲ್ಲೇ ಉಳಿದರೆ, ಅಥವಾ ಫೋನ್ ಮಾಡುವುದನ್ನೇ ಥಟ್ಟನೆ ನಿಲ್ಲಿಸಿದರೆ ಇದನ್ನು ಮನೆಯ ನೆನಪು ಎಂದು ತಳ್ಳಿಹಾಕಬೇಡಿ. ಕಾಲೇಜಿನ ಕೌನ್ಸೆಲರ್ ಬಳಿ ಕಳಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನೇ ಮಾಡಬೇಕೆಂದಿಲ್ಲ, ನೀವೂ ಕೇಳಬಹುದು. ಬದುಕೇ ಬೇಡ ಎಂಬ ಮಾತು ಒಮ್ಮೆ ಬಂದರೂ ಅವನನ್ನು ಒಂಟಿಯಾಗಿ ಬಿಡದಂತೆ ಪಿಜಿಯವರಿಗೆ ತಿಳಿಸಿ, ಮನೆಯವರು ಅಂದೇ ಹೊರಡಿ.