ಸುಣ್ಣಕಲ್ಲಿನ ಸೀಳುಗಳಲ್ಲಿ ಫ್ಲೋರೈಟ್, ಬರೈಟ್: ಎಲ್ಲಿಂದ ಬಂದವು?

ಪ್ರಶ್ನೆ:
ಇಂಗ್ಲೆಂಡಿನ ಡರ್ಬಿಶೈರ್‌ನಿಂದ ತಂದ ಅಂಗೈಯಗಲದ ಕಲ್ಲೊಂದು ನನ್ನಲ್ಲಿದೆ. ಅಂಚಿನಲ್ಲಿ ಬೂದು ಸುಣ್ಣಕಲ್ಲು, ಅದಕ್ಕೆ ಅಂಟಿಕೊಂಡ ನೇರಳೆ ಫ್ಲೋರೈಟ್ ಘನಗಳು, ಅವುಗಳ ಮೇಲೆ ಹಾಲುಬಿಳಿಯ ಬರೈಟ್ ಪದರ. ಸಮುದ್ರತಳದಲ್ಲಿ ಹುಟ್ಟಿದ ಸುಣ್ಣಕಲ್ಲಿಗೆ ಫ್ಲೋರಿನ್ ಮತ್ತು ಬೇರಿಯಂ ಹೇಗೆ ಸೇರಿದವು? ದಯವಿಟ್ಟು ವಿವರಿಸಿ.

ಉತ್ತರ 1:
ಅವು ಹೊರಗಿನಿಂದ ಬಂದವು. ಸುಮಾರು 33 ಕೋಟಿ ವರ್ಷ ಹಳೆಯದಾದ ಈ ಸುಣ್ಣಕಲ್ಲಿನ ಸುತ್ತಲಿನ ತಗ್ಗುಗಳಲ್ಲಿ ದಪ್ಪನೆಯ ಜೇಡಿಪದರಗಳು ಹೂತುಹೋಗಿ ಅದುಮಿಕೊಂಡಾಗ, ಅವುಗಳಿಂದ ಹಿಂಡಿಬಂದ ಬಿಸಿಯಾದ ಉಪ್ಪುನೀರು ಲೋಹಗಳನ್ನೂ ಫ್ಲೋರಿನ್ನನ್ನೂ ಹೊತ್ತು ಸ್ತರಭಂಗಗಳ (ಬಂಡೆಗಳು ಬಿರಿದು ಸರಿದ ಬಿರುಕುಗಳ) ಮೂಲಕ ಮೇಲೇರಿತು. ಮೇಲಿನ ಜೇಡಿಶಿಲೆ ಮುಚ್ಚಳದಂತೆ ತಡೆದುದರಿಂದ ಖನಿಜಗಳು ಅದರ ಕೆಳಗಿನ ಸೀಳುಗಳಲ್ಲಿ ಕೂತವು. ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಫ್ಲೋರೈಡ್; ಅದಕ್ಕೆ ಬೇಕಾದ ಕ್ಯಾಲ್ಸಿಯಂ ಸುಣ್ಣಕಲ್ಲಿನಲ್ಲೇ ಧಾರಾಳವಾಗಿದೆ. ಕಾಸಲ್ಟನ್ ಊರಿನ ಪ್ರಸಿದ್ಧ ಬ್ಲೂ ಜಾನ್ ಕಲ್ಲು ಇದೇ ಫ್ಲೋರೈಟ್‌ನ ಪಟ್ಟೆಪಟ್ಟೆಯ ರೂಪ.

ಉತ್ತರ 2:
ಬರೈಟ್‌ನ ಕಥೆ ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. ಬರೈಟ್ ಎಂದರೆ ಬೇರಿಯಂ ಸಲ್ಫೇಟ್; ಅದು ನೀರಿನಲ್ಲಿ ಕರಗುವುದೇ ಅತಿ ಕಡಿಮೆಯಾದ್ದರಿಂದ ಬೇರಿಯಂ ಮತ್ತು ಸಲ್ಫೇಟ್ ಒಂದೇ ನೀರಿನಲ್ಲಿ ಹೇರಳವಾಗಿ ಸಾಗಲಾರವು. ಬೇರಿಯಂ ಹೊತ್ತ ನೀರು ಮತ್ತು ಸಲ್ಫೇಟ್ ಹೊತ್ತ ನೀರು ಸೀಳಿನಲ್ಲಿ ಬೆರೆತಲ್ಲಿ ಬರೈಟ್ ಒಡನೆಯೇ ಹರಳುಗಟ್ಟುತ್ತದೆ. ಆ ಪ್ರದೇಶದ ಪೂರ್ವಭಾಗದಲ್ಲಿ ಫ್ಲೋರೈಟ್ ಹೆಚ್ಚು; ಪಶ್ಚಿಮಕ್ಕೆ ಹೋದಂತೆ ಬರೈಟ್, ಆಮೇಲೆ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಮೇಲುಗೈ ಪಡೆಯುತ್ತವೆ.

ನಿಮ್ಮ ಬಿಳಿ ಪದರ ಬರೈಟೇ ಎಂಬುದನ್ನು ಖಚಿತಪಡಿಸಿಕೊಳ್ಳಿ: ಅದರ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) ಸುಮಾರು 4.5, ಕ್ಯಾಲ್ಸೈಟ್‌ನದು 2.7. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಕ್ಯಾಲ್ಸೈಟ್ ನೊರೆಯುಕ್ಕಿಸುತ್ತದೆ, ಬರೈಟ್ ಸುಮ್ಮನಿರುತ್ತದೆ.

ಪ್ರಶ್ನೆ ಕೇಳಿದವರು:
ಹನಿ ಹಾಕಿ ನೋಡಿದೆ. ಬೂದು ಅಂಚು ಮಾತ್ರ ನೊರೆಯುಕ್ಕಿಸಿತು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.