ಸಹಾಯ ಬೇಕು: ವಿಧಾನಸಭೆಯ ಮಾರ್ಷಲ್‌ಗಳು (ಸದನದ ಭದ್ರತೆ, ಶಿಸ್ತು ನೋಡಿಕೊಳ್ಳುವ ಸಿಬ್ಬಂದಿ) ಜನರನ್ನು ಬಂಧಿಸಬಹುದಾ?

ನಮಸ್ಕಾರ. ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. 2023ರ ಜುಲೈ 7ರಂದು, ಬಜೆಟ್ ದಿನವೇ, ಹೊರಗಿನವರೊಬ್ಬರು ನಮ್ಮ ವಿಧಾನಸಭೆಯೊಳಗೆ ಬಂದು ಶಾಸಕಿಯೊಬ್ಬರ ಸೀಟಿನಲ್ಲಿ ಕೂತಿದ್ದರು, ನೆನಪಿದೆ ಅಲ್ವಾ? ಆಮೇಲೆ ಅವರನ್ನು ಪೊಲೀಸರಿಗೆ ಒಪ್ಪಿಸಲಾಯಿತು. "ಮಾರ್ಷಲ್‌ಗಳೇ ಬಂಧಿಸಬಹುದಾ ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸುಮ್ನೆ ಏನೋ ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ಲೋಕಸಭೆಯಲ್ಲಾದರೆ ನಿಯಮ 387ಎ ಇದೆ. ಸ್ಪೀಕರ್ ಅಧಿಕಾರ ಕೊಟ್ಟ ಸಿಬ್ಬಂದಿ, ಗಲಾಟೆ ಮಾಡುವ ಹೊರಗಿನವರನ್ನು ಆಚೆ ಕಳಿಸಬಹುದು, ವಶಕ್ಕೂ ಪಡೆಯಬಹುದು. ಇತ್ತ ಸಂವಿಧಾನದ 22ನೇ ವಿಧಿಯಂತೆ, ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು.

ಕರ್ನಾಟಕ ವಿಧಾನಸಭೆಗೆ ಇಂಥದ್ದೇ ನಿಯಮ ಯಾವುದು? ವಕೀಲರು ಯಾರಾದರೂ ಇದ್ದರೆ ನಿಯಮದ ಸಂಖ್ಯೆ ತಿಳಿಸಿ, ಓದಿಕೊಳ್ಳುತ್ತೇನೆ. ಸೋಮವಾರ ಕ್ಲಾಸಿದೆ.